ಹೈದರಾಬಾದ್ ಸಂಸ್ಥಾನದ ಸೇನಾ ಆಡಳಿತ ಮತ್ತು ಜವಾಬ್ದಾರಿ ಸರ್ಕಾರದ ಹೋರಾಟ

ಹೈದರಾಬಾದ್ ಸಂಸ್ಥಾನದ ಸೇನಾ ಆಡಳಿತ ಎಂದರೆ 1948ರ ಸೆಪ್ಟೆಂಬರ್ 18ರಿಂದ 1949ರ ನವೆಂಬರ್ ಅಂತ್ಯದವರೆಗೆ ನಿಜಾಮರ ಸಂಸ್ಥಾನದಲ್ಲಿ ಜಾರಿಯಲ್ಲಿದ್ದ ಮಿಲಿಟರಿ ಗವರ್ನರ್ ಆಳ್ವಿಕೆ. ಭಾರತ ಸರ್ಕಾರದ ಸೈನಿಕ ಕಾರ್ಯಾಚರಣೆಯ ನಂತರ ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರು ಈ ಅಧಿಕಾರವನ್ನು ವಹಿಸಿಕೊಂಡರು. ಇಂದಿನ ಕರ್ನಾಟಕದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಬಹುಭಾಗವು ಅಂದು ಈ ಸಂಸ್ಥಾನಕ್ಕೆ ಸೇರಿತ್ತು. ಆದ್ದರಿಂದ ಸ್ವತಂತ್ರ ಭಾರತದಲ್ಲಿ ಸೇನಾಧಿಕಾರಿಯೊಬ್ಬರ ನೇರ ಆಳ್ವಿಕೆಯನ್ನು ಕಂಡ ಕನ್ನಡ ನಾಡಿನ ಭಾಗವೆಂದರೆ ಇದು.

ಜನರಿಗೆ ಹೊಣೆಯಾದ ಸರ್ಕಾರ ಬೇಕೆಂಬ ಹೋರಾಟ ಇಲ್ಲಿ 1938ರಲ್ಲಿಯೇ ಸಂಘಟಿತ ರೂಪ ಪಡೆದಿತ್ತು. ನಿಜಾಮರ ನಿರಂಕುಶ ಪ್ರಭುತ್ವವು 1948ರಲ್ಲಿ ಕೊನೆಗೊಂಡರೂ ಚುನಾಯಿತ ಸರ್ಕಾರ ಅಧಿಕಾರಕ್ಕೆ ಬಂದುದು 1952ರ ಮಾರ್ಚ್‌ನಲ್ಲಿ. ನಡುವಿನ ಮೂರೂವರೆ ವರ್ಷಗಳಲ್ಲಿ ಮೊದಲು ಸೇನಾ ಗವರ್ನರ್, ಅನಂತರ ನೇಮಕಗೊಂಡ ಹಿರಿಯ ಅಧಿಕಾರಿ ಆಡಳಿತ ನಡೆಸಿದರು. ಜಾಗೀರು ಪದ್ಧತಿಯ ರದ್ದತಿಯಂತಹ ದೊಡ್ಡ ಸುಧಾರಣೆಗಳು ಶಾಸನಸಭೆಯಿಲ್ಲದ ಈ ಅವಧಿಯಲ್ಲಿಯೇ ಜಾರಿಗೆ ಬಂದವು.

ಹಿನ್ನೆಲೆ

ಹೈದರಾಬಾದ್ ಭಾರತದ ಸಂಸ್ಥಾನಗಳಲ್ಲಿ ಅತಿ ಹೆಚ್ಚು ಜನಸಂಖ್ಯೆಯುಳ್ಳದ್ದಾಗಿತ್ತು. 1941ರ ಜನಗಣತಿಯ ಪ್ರಕಾರ ಅದರ ಜನಸಂಖ್ಯೆ ಒಂದು ಕೋಟಿ ಅರವತ್ತು ಲಕ್ಷವನ್ನು ಮೀರಿತ್ತು. ತೆಲುಗು, ಮರಾಠಿ ಮತ್ತು ಕನ್ನಡ ಭಾಷೆಗಳ ಮೂರು ಪ್ರದೇಶಗಳು ಅದರಲ್ಲಿದ್ದವು. ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದುವಾಗಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ಕನ್ನಡದ ಕಲಿಕೆಯನ್ನು ಉಳಿಸಿದ ಕೀರ್ತಿ ಹೆಚ್ಚಾಗಿ ಖಾಸಗಿ ಶಾಲೆಗಳಿಗೆ ಸಲ್ಲುತ್ತದೆ. ಕಲಬುರಗಿಯ ನೂತನ ವಿದ್ಯಾಲಯ ಮತ್ತು ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆ ಇವುಗಳಲ್ಲಿ ಪ್ರಮುಖವಾದವು. ಇಂತಹ ಶಾಲೆಗಳು ಮುಂದೆ ರಾಜಕೀಯ ಜಾಗೃತಿಯ ನೆಲೆಗಳೂ ಆದವು.

ಸಂಸ್ಥಾನದ ಭೂಮಿಯ ಒಂದು ದೊಡ್ಡ ಪಾಲು ಸರ್ಕಾರದ ನೇರ ಆಡಳಿತದಲ್ಲಿ ಇರಲಿಲ್ಲ. ಸರ್ಕಾರಿ ಭೂಮಿಗೆ 'ದಿವಾನಿ' ಎಂದೂ, ನಿಜಾಮರ ಸ್ವಂತ ಆಸ್ತಿಗೆ 'ಸರ್ಫ್-ಎ-ಖಾಸ್' ಎಂದೂ ಹೆಸರು. ಉಳಿದ ಭಾಗ ಜಾಗೀರುದಾರರ ಕೈಯಲ್ಲಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಪ್ರದೇಶಗಳು ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದವು. ಜಾಗೀರಿನ ರೈತನಿಗೆ ಕಂದಾಯ ವಸೂಲಿ ಮಾಡುವವನೂ ದೂರು ಕೇಳುವವನೂ ಬಹುಮಟ್ಟಿಗೆ ಒಬ್ಬನೇ ಆಗಿದ್ದನು.

ಸಾರ್ವಜನಿಕ ಸಭೆಗಳ ಮೇಲೆ ಕಠಿಣ ನಿರ್ಬಂಧವಿತ್ತು. 'ಗಸ್ತಿ 53' ಎಂದು ಹೆಸರಾದ ಸುತ್ತೋಲೆಯ ಪ್ರಕಾರ ಸಭೆ ನಡೆಸಲು ಸರ್ಕಾರದ ಪೂರ್ವಾನುಮತಿ ಅಗತ್ಯವಾಗಿತ್ತು. ಹೀಗಾಗಿ ಭಾಷೆ ಮತ್ತು ಸಂಸ್ಕೃತಿಯ ಹೆಸರಿನಲ್ಲಿ ಪರಿಷತ್ತುಗಳು ಹುಟ್ಟಿಕೊಂಡವು. ತೆಲುಗರ ಆಂಧ್ರ ಮಹಾಸಭೆ, ಮರಾಠಿಗರ ಮಹಾರಾಷ್ಟ್ರ ಪರಿಷತ್ತು ಮತ್ತು ಕನ್ನಡಿಗರ ನಿಜಾಮ ಕರ್ನಾಟಕ ಪರಿಷತ್ತು ಇಂತಹ ಸಂಘಟನೆಗಳು.

ಸ್ಟೇಟ್ ಕಾಂಗ್ರೆಸ್ ಮತ್ತು ನಿಷೇಧ

1938ರಲ್ಲಿ ಈ ಮೂರು ಭಾಷಾ ಪ್ರದೇಶಗಳ ಕಾರ್ಯಕರ್ತರು ಒಟ್ಟುಗೂಡಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ಥಾಪಿಸಲು ಮುಂದಾದರು. ನಿಜಾಮರ ಆಶ್ರಯದಲ್ಲಿ ಜವಾಬ್ದಾರಿ ಸರ್ಕಾರ, ಅಂದರೆ ಚುನಾಯಿತ ಶಾಸನಸಭೆಗೆ ಉತ್ತರ ಹೇಳಬೇಕಾದ ಮಂತ್ರಿಮಂಡಲ, ಎಂಬುದೇ ಅದರ ಗುರಿಯಾಗಿತ್ತು. ರಾಜನನ್ನು ಪದಚ್ಯುತಗೊಳಿಸಬೇಕೆಂಬ ಬೇಡಿಕೆ ಅದರಲ್ಲಿರಲಿಲ್ಲ. ಆದರೂ ಸಂಸ್ಥೆಯು ಕೆಲಸ ಆರಂಭಿಸುವ ಮೊದಲೇ, 1938ರ ಸೆಪ್ಟೆಂಬರ್‌ನಲ್ಲಿ, ಸರ್ಕಾರವು ಅದನ್ನು ನಿಷೇಧಿಸಿತು. ಅಕ್ಟೋಬರ್ 24ರಂದು ಸತ್ಯಾಗ್ರಹ ಆರಂಭವಾಯಿತು. ಡಿಸೆಂಬರ್‌ನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಇದೇ ಕಾಲದಲ್ಲಿ ಆರ್ಯ ಸಮಾಜವು ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ಪ್ರತ್ಯೇಕ ಸತ್ಯಾಗ್ರಹವನ್ನು ನಡೆಸಿತು.

ಅರವಮುದು ಅಯ್ಯಂಗಾರ್ ಸಮಿತಿಯ ವರದಿಯನ್ನು ಆಧರಿಸಿ ಸರ್ಕಾರ 1939ರಲ್ಲಿ ಕೆಲವು ಸುಧಾರಣೆಗಳನ್ನು ಪ್ರಕಟಿಸಿತು. ಪ್ರದೇಶವಾರು ಕ್ಷೇತ್ರಗಳ ಬದಲು ವೃತ್ತಿ ಮತ್ತು ಹಿತಾಸಕ್ತಿಗಳ ಗುಂಪುಗಳಿಂದ ಪ್ರತಿನಿಧಿಗಳನ್ನು ಆರಿಸುವ ಶಾಸನಸಭೆಯನ್ನು ಅದು ಸೂಚಿಸಿತ್ತು. ಮಂತ್ರಿಗಳು ಆ ಸಭೆಗೆ ಹೊಣೆಯಾಗಿರಲಿಲ್ಲ. ಯೋಜನೆ ಜಾರಿಯಾದುದು 1946ರಲ್ಲಿ. ಅದೇ ವರ್ಷ ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧವನ್ನು ತೆಗೆಯಲಾಯಿತು. ಸುಧಾರಣೆಗಳು ಹೆಸರಿಗಷ್ಟೇ ಎಂದು ಭಾವಿಸಿದ ಕಾಂಗ್ರೆಸ್ ಅವುಗಳನ್ನು ಬಹಿಷ್ಕರಿಸಿತು.

ಈ ಹೋರಾಟದ ಪ್ರಮುಖ ನಾಯಕರು ಸ್ವಾಮಿ ರಮಾನಂದ ತೀರ್ಥ (1903–1972). ಪೂರ್ವಾಶ್ರಮದಲ್ಲಿ ವೆಂಕಟೇಶ ಖೇಡಗೀಕರ ಎಂಬ ಹೆಸರಿನ ಅವರು ಶಿಕ್ಷಕರಾಗಿದ್ದು, ಅನಂತರ ಸಂನ್ಯಾಸ ಸ್ವೀಕರಿಸಿ ರಾಜಕೀಯ ಹೋರಾಟಕ್ಕೆ ಬಂದರು.

ರಜಾಕಾರರು ಮತ್ತು ಗಡಿ ಶಿಬಿರಗಳು

ಬ್ರಿಟಿಷರು ನಿರ್ಗಮಿಸುವಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರು ಭಾರತಕ್ಕಾಗಲಿ ಪಾಕಿಸ್ತಾನಕ್ಕಾಗಲಿ ಸೇರದೆ ಸ್ವತಂತ್ರವಾಗಿ ಉಳಿಯಲು ನಿರ್ಧರಿಸಿದರು. ಇದನ್ನು ವಿರೋಧಿಸಿ ಸ್ಟೇಟ್ ಕಾಂಗ್ರೆಸ್ 1947ರ ಆಗಸ್ಟ್ 7ರಂದು 'ಭಾರತಕ್ಕೆ ಸೇರಿ' ಚಳವಳಿಯನ್ನು ಆರಂಭಿಸಿತು. ಸ್ವಾಮೀಜಿ ಮತ್ತು ಅನೇಕ ಕಾರ್ಯಕರ್ತರು ಬಂಧನಕ್ಕೊಳಗಾದರು. ನವೆಂಬರ್ 29ರಂದು ಭಾರತ ಸರ್ಕಾರ ಮತ್ತು ನಿಜಾಮರ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು.

ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಅಧ್ಯಕ್ಷ, ಲಾತೂರಿನ ವಕೀಲ ಕಾಸಿಂ ರಜ್ವಿಯ ನೇತೃತ್ವದ ಸಶಸ್ತ್ರ ಸ್ವಯಂಸೇವಕರೇ ರಜಾಕಾರರು. ಒಪ್ಪಂದದ ನಂತರದ ತಿಂಗಳುಗಳಲ್ಲಿ ಹಳ್ಳಿಗಳ ಮೇಲಿನ ಇವರ ದಾಳಿಗಳು ಹೆಚ್ಚಿದವು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವು ಕನ್ನಡ ಪ್ರದೇಶದ ಅತ್ಯಂತ ಘೋರ ಘಟನೆ. 'ರಜಾಕಾರರ ಹಾವಳಿ' ಎಂಬ ಮಾತು ಆ ಭಾಗದ ಜನರ ನೆನಪಿನಲ್ಲಿ ಇಂದಿಗೂ ಉಳಿದಿದೆ.

ಎಲ್ಲ ಮುಸ್ಲಿಮರೂ ರಜಾಕಾರರ ಪರವಾಗಿರಲಿಲ್ಲ. ಅವರ ಹಿಂಸೆಯನ್ನು ಖಂಡಿಸಿ, ಭಾರತದೊಡನೆ ವಿಲೀನವನ್ನು ಬೆಂಬಲಿಸಿದ 'ಇಮ್ರೋಜ್' ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲ್ಲಲಾಯಿತು.

ಊರು ಬಿಟ್ಟ ಕಾರ್ಯಕರ್ತರು ಸಂಸ್ಥಾನದ ಗಡಿಯಾಚೆಗೆ, ಮುಂಬಯಿ ಮತ್ತು ಮದರಾಸು ಪ್ರಾಂತ್ಯಗಳ ಊರುಗಳಲ್ಲಿ, ಶಿಬಿರಗಳನ್ನು ತೆರೆದರು. ಮುಂಡರಗಿ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಅವರೂ ನಾಯಕರಾಗಿದ್ದರು. ಕಲಬುರಗಿ ಭಾಗದಲ್ಲಿ ಸರದಾರ ಶರಣಗೌಡ ಇನಾಮದಾರರು ಹೆಸರಾದರು. ಶಿಬಿರಗಳವರು ನಿರಾಶ್ರಿತರಿಗೆ ನೆರವಾದರು. ನಾಕೆಗಳ ಮೇಲೆ ದಾಳಿ ಮಾಡಿ ಗಡಿ ಹಳ್ಳಿಗಳಲ್ಲಿ ನಿಜಾಮರ ಆಡಳಿತವನ್ನು ನಿಷ್ಕ್ರಿಯಗೊಳಿಸಲು ಯತ್ನಿಸಿದರು.

ಸೈನಿಕ ಕಾರ್ಯಾಚರಣೆ

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ಸೇನೆಯೊಳಗೆ ಇದಕ್ಕೆ 'ಆಪರೇಷನ್ ಪೋಲೋ' ಎಂಬ ಹೆಸರಿತ್ತು. ಸರ್ಕಾರವು ಇದನ್ನು 'ಪೊಲೀಸ್ ಕಾರ್ಯಾಚರಣೆ' ಎಂದು ಕರೆಯಿತು. ಮುಖ್ಯ ಪಡೆಯು ಜೆ. ಎನ್. ಚೌಧುರಿ ಅವರ ನೇತೃತ್ವದಲ್ಲಿ ಸೊಲ್ಲಾಪುರದ ಕಡೆಯಿಂದ ಹೊರಟಿತು. ಸೆಪ್ಟೆಂಬರ್ 17ರಂದು ನಿಜಾಮರು ಕದನವಿರಾಮ ಘೋಷಿಸಿದರು. ಅದೇ ದಿನ ರಮಾನಂದ ತೀರ್ಥರ ಬಿಡುಗಡೆಯಾಯಿತು. ಮರುದಿನ ನಿಜಾಮರ ಸೇನಾಪತಿ ಎಲ್ ಎದ್ರೂಸ್ ಅವರು ಚೌಧುರಿ ಅವರಿಗೆ ಶರಣಾದರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಸಲ್ಲಿಸಿದ್ದ ದೂರನ್ನು ಹಿಂತೆಗೆದುಕೊಳ್ಳುವುದಾಗಿ ನಿಜಾಮರು ಕೆಲವೇ ದಿನಗಳಲ್ಲಿ ತಿಳಿಸಿದರು.

ಸೇನಾ ಆಡಳಿತದ ಸ್ವರೂಪ

ಸೇನಾ ಆಡಳಿತದಲ್ಲಿ ನಿಜಾಮರು ಪದಚ್ಯುತರಾಗಲಿಲ್ಲ. ತಮ್ಮ ಅಧಿಕಾರವನ್ನು ಮಿಲಿಟರಿ ಗವರ್ನರ್‌ಗೆ ವಹಿಸಿ ಅವರೇ ಫರ್ಮಾನು ಹೊರಡಿಸಿದರು. ಆದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಆಡಳಿತವು ನಿಜಾಮರ ಹೆಸರಿನಲ್ಲಿ ಮುಂದುವರಿಯಿತು. ವಾಸ್ತವದಲ್ಲಿ ನಿರ್ಧಾರಗಳು ದೆಹಲಿಯ ಸಂಸ್ಥಾನಗಳ ಇಲಾಖೆಯ ಮಾರ್ಗದರ್ಶನದಲ್ಲಿ ಆಗುತ್ತಿದ್ದವು. ಗವರ್ನರ್ ಹೊರಡಿಸಿದ 'ರೆಗ್ಯುಲೇಷನ್'ಗಳೇ ಕಾನೂನುಗಳಾಗಿದ್ದವು. ಅವುಗಳಲ್ಲಿ ಸಂಸ್ಥಾನದ ಹಳೆಯ ರೂಢಿಯಂತೆ ಫಸಲಿ ವರ್ಷವನ್ನೇ ನಮೂದಿಸಲಾಗುತ್ತಿತ್ತು.

ದೈನಂದಿನ ಆಡಳಿತಕ್ಕೆ ಐ.ಸಿ.ಎಸ್. ಅಧಿಕಾರಿ ಡಿ. ಎಸ್. ಬಖಲೆ ಅವರನ್ನು ಮುಖ್ಯ ನಾಗರಿಕ ಆಡಳಿತಾಧಿಕಾರಿಯಾಗಿ ನೇಮಿಸಲಾಯಿತು. ಜಿಲ್ಲೆಗಳಿಗೆ ನೆರೆಯ ಪ್ರಾಂತ್ಯಗಳಿಂದ ಅಧಿಕಾರಿಗಳೂ ಪೊಲೀಸರೂ ಬಂದರು. ತಾಲೂಕ್‌ದಾರ ಎನಿಸಿಕೊಂಡಿದ್ದ ಜಿಲ್ಲಾಧಿಕಾರಿಯ ಜಾಗದಲ್ಲಿ ಹೊರಗಿನವರು ಕುಳಿತರು. ಹೊರಗಿನವರ ನೇಮಕಾತಿಯ ಬಗ್ಗೆ ಬೆಳೆದ ಅಸಮಾಧಾನವು 1952ರ 'ಮುಲ್ಕಿ' ಚಳವಳಿಯಲ್ಲಿ ಸ್ಫೋಟಗೊಂಡಿತು. 'ಮುಲ್ಕಿ' ಎಂದರೆ ನಾಡಿನವನು ಎಂದರ್ಥ.

ರಜಾಕಾರರನ್ನೂ ಕಮ್ಯುನಿಸ್ಟರನ್ನೂ ವಿಚಾರಣೆಗೊಳಪಡಿಸಲು ವಿಶೇಷ ನ್ಯಾಯಮಂಡಳಿಗಳು ರಚನೆಯಾದವು. ಇವುಗಳ ವಿಚಾರಣಾ ಕ್ರಮವು ಸಾಮಾನ್ಯ ನ್ಯಾಯಾಲಯಗಳಿಗಿಂತ ಸಂಕ್ಷಿಪ್ತವಾಗಿತ್ತು. ತೆಲಂಗಾಣದ ಸಶಸ್ತ್ರ ರೈತ ಹೋರಾಟದಲ್ಲಿ ಮರಣದಂಡನೆಗೆ ಗುರಿಯಾದವರ ಪ್ರಕರಣ (ಜನಾರ್ದನ ರೆಡ್ಡಿ ವಿರುದ್ಧ ಹೈದರಾಬಾದ್ ರಾಜ್ಯ) ಮತ್ತು ಕಾಸಿಂ ರಜ್ವಿಯ ಪ್ರಕರಣ ಎರಡೂ ಸುಪ್ರೀಂ ಕೋರ್ಟ್ ತಲುಪಿದವು. ಸಂವಿಧಾನ ಜಾರಿಗೆ ಬರುವ ಮೊದಲು ಆರಂಭವಾದ ವಿಚಾರಣೆಗಳಿಗೆ ಮೂಲಭೂತ ಹಕ್ಕುಗಳ ರಕ್ಷಣೆ ಎಷ್ಟರಮಟ್ಟಿಗೆ ಸಿಗುತ್ತದೆ ಎಂಬ ಪ್ರಶ್ನೆಯನ್ನು ಇವು ಎತ್ತಿದವು. ಎರಡರಲ್ಲಿಯೂ ಆರೋಪಿಗಳ ಸಾಂವಿಧಾನಿಕ ವಾದಕ್ಕೆ ಜಯ ದೊರೆಯಲಿಲ್ಲ.

ಹಿಂಸಾಚಾರ ಮತ್ತು ಸುಂದರಲಾಲ್ ಸಮಿತಿ

ಕಾರ್ಯಾಚರಣೆಯ ದಿನಗಳಲ್ಲಿ ಮತ್ತು ಅದರ ನಂತರ ಮುಸ್ಲಿಮರ ಮೇಲೆ ವ್ಯಾಪಕ ಪ್ರತೀಕಾರದ ದಾಳಿಗಳು ನಡೆದವು. ವಾಸ್ತವ ಸ್ಥಿತಿಯನ್ನು ಅರಿಯಲು ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನೊಳಗೊಂಡ ಸದ್ಭಾವನಾ ನಿಯೋಗವನ್ನು ಕಳುಹಿಸಿದರು. ನಿಯೋಗವು 1948ರ ನವೆಂಬರ್ ಅಂತ್ಯದಿಂದ ಡಿಸೆಂಬರ್‌ವರೆಗೆ ಪ್ರವಾಸ ಮಾಡಿ, 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ (ಆಗಿನ ಗುಲ್ಬರ್ಗಾ) ಮತ್ತು ಬೀದರ್ ಸೇರಿದ್ದವು; ಉಳಿದೆರಡು ಉಸ್ಮಾನಾಬಾದ್ ಮತ್ತು ನಾಂದೇಡ್. ಪ್ರಾಣವನ್ನು ಪಣವಾಗಿಟ್ಟು ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳ ನಿದರ್ಶನಗಳನ್ನೂ ವರದಿ ದಾಖಲಿಸಿದೆ.

ಈ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ಗೋರ್ಟಾದ ಹತ್ಯೆಗಳನ್ನೂ ಸೆಪ್ಟೆಂಬರ್ ನಂತರದ ಹತ್ಯೆಗಳನ್ನೂ ಒಟ್ಟಿಗೆ ಓದಿದಾಗ ಮಾತ್ರ ಆ ವರ್ಷದ ಪೂರ್ಣ ಚಿತ್ರ ದೊರೆಯುತ್ತದೆ.

ಶಾಸನಸಭೆಯಿಲ್ಲದ ಸುಧಾರಣೆಗಳು

ಸೇನಾ ಆಡಳಿತದ ಅವಧಿಯ ಎರಡು ಕ್ರಮಗಳು ದೀರ್ಘಕಾಲದ ಪರಿಣಾಮ ಬೀರಿದವು.

1. ಸರ್ಫ್-ಎ-ಖಾಸ್ ವಿಲೀನ (1949): ನಿಜಾಮರ ಸ್ವಂತ ಭೂಮಿ ದಿವಾನಿ ಆಡಳಿತಕ್ಕೆ ಸೇರಿತು. ಪ್ರತಿಯಾಗಿ ಅವರಿಗೆ ವಾರ್ಷಿಕ ಪರಿಹಾರವನ್ನು ನಿಗದಿಪಡಿಸಲಾಯಿತು.
2. ಜಾಗೀರು ರದ್ದತಿ (1949ರ ಆಗಸ್ಟ್): ಜಾಗೀರುಗಳ ಕಂದಾಯ ಮತ್ತು ಆಡಳಿತವನ್ನು ಸರ್ಕಾರ ವಹಿಸಿಕೊಂಡಿತು. ಜಾಗೀರುದಾರರಿಗೆ ಪರಿಹಾರ ನೀಡುವ ವ್ಯವಸ್ಥೆ ಮಾಡಲಾಯಿತು.

ಇವುಗಳ ಮುಂದುವರಿಕೆಯಾಗಿ ಗೇಣಿದಾರರಿಗೆ ರಕ್ಷಣೆ ನೀಡುವ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾಯ್ದೆಯು 1950ರಲ್ಲಿ, ಸೇನಾ ಆಡಳಿತ ಮುಗಿದ ಮೇಲೆ, ಜಾರಿಗೆ ಬಂದಿತು. ಜನಪ್ರತಿನಿಧಿಗಳು ಬಹುಕಾಲದಿಂದ ಕೇಳುತ್ತಿದ್ದ ಬದಲಾವಣೆಗಳು ಹೀಗೆ ಆಜ್ಞೆಯ ಮೂಲಕ ಬೇಗನೆ ಬಂದವು. ಆದರೆ ಪರಿಹಾರದ ಮೊತ್ತ ಎಷ್ಟಿರಬೇಕು, ಭೂಮಿ ಯಾರ ಕೈ ಸೇರಬೇಕು ಎಂಬುದನ್ನು ಚರ್ಚಿಸುವ ಸಭೆ ಇರಲಿಲ್ಲ. ರೈತನು ತನ್ನ ಅಹವಾಲನ್ನು ಹೇಳಿಕೊಳ್ಳಬಹುದಾಗಿತ್ತೇ ಹೊರತು ಆಳುವವರನ್ನು ಬದಲಾಯಿಸಲು ಸಾಧ್ಯವಿರಲಿಲ್ಲ.

ಮೈಸೂರು ಸಂಸ್ಥಾನದೊಡನೆ ಹೋಲಿಕೆ

ಇದೇ ಬೇಡಿಕೆಯು ನೆರೆಯ ಮೈಸೂರು ಸಂಸ್ಥಾನದಲ್ಲಿ ಬೇರೆ ದಾರಿಯಲ್ಲಿ ಈಡೇರಿತು. ಅಲ್ಲಿ 1881ರಿಂದಲೂ ಪ್ರಜಾಪ್ರತಿನಿಧಿ ಸಭೆ ಇತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ರಚನೆಯಾಗಿತ್ತು. ಅವುಗಳಿಗೆ ಮಂತ್ರಿಮಂಡಲವನ್ನು ಇಳಿಸುವ ಅಧಿಕಾರವಿರಲಿಲ್ಲವಾದರೂ ಸರ್ಕಾರವನ್ನು ಬಹಿರಂಗವಾಗಿ ಪ್ರಶ್ನಿಸುವ ಅಭ್ಯಾಸ ಬೆಳೆದಿತ್ತು. ಮೈಸೂರು 1947ರ ಆಗಸ್ಟ್‌ನಲ್ಲಿಯೇ ಭಾರತ ಒಕ್ಕೂಟಕ್ಕೆ ಸೇರಿತು. ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ಆರಂಭವಾಯಿತು. ಅದೇ ತಿಂಗಳು ಮೈಸೂರಿನಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದನು. ಅಕ್ಟೋಬರ್ ಅಂತ್ಯದ ವೇಳೆಗೆ ಕೆ. ಸಿ. ರೆಡ್ಡಿ ಅವರ ಮಂತ್ರಿಮಂಡಲ ಅಧಿಕಾರ ಸ್ವೀಕರಿಸಿತು.

ಹೀಗಾಗಿ ತುಮಕೂರು, ಗುಬ್ಬಿ, ಕುಣಿಗಲ್ಲುಗಳಂತಹ ಮೈಸೂರು ಸೀಮೆಯ ಊರುಗಳ ಜನ ತಮ್ಮ ಪ್ರತಿನಿಧಿಗಳ ಸರ್ಕಾರವನ್ನು ಕಂಡಾಗ ಕಲಬುರಗಿ, ರಾಯಚೂರುಗಳ ಜನರ ನಾಯಕರು ಸೆರೆಮನೆಯಲ್ಲಿಯೋ ಗಡಿ ಶಿಬಿರಗಳಲ್ಲಿಯೋ ಇದ್ದರು. ಎರಡು ಕನ್ನಡ ಪ್ರದೇಶಗಳ ನಡುವೆ ಈ ವಿಷಯದಲ್ಲಿ ಸುಮಾರು ನಾಲ್ಕೂವರೆ ವರ್ಷಗಳ ಅಂತರ ಉಂಟಾಯಿತು.

ನಾಗರಿಕ ಆಡಳಿತದತ್ತ

ಸೇನಾ ಆಡಳಿತ ತಾತ್ಕಾಲಿಕವೆಂದೂ ಜನರೇ ಸಂಸ್ಥಾನದ ಭವಿಷ್ಯವನ್ನು ನಿರ್ಧರಿಸುವರೆಂದೂ ಮೊದಲಿನಿಂದಲೇ ಹೇಳಲಾಗಿತ್ತು. ವಯಸ್ಕ ಮತದಾನದ ಮೂಲಕ ಸಂವಿಧಾನ ಸಭೆಯನ್ನು ಆರಿಸುವ ಯೋಜನೆಯೂ ಇತ್ತು. ಆದರೆ ತೆಲಂಗಾಣದ ಸಶಸ್ತ್ರ ಹೋರಾಟ ಮುಂದುವರಿದಿತ್ತು. ಸ್ಟೇಟ್ ಕಾಂಗ್ರೆಸ್ ಕೂಡ ರಮಾನಂದ ತೀರ್ಥ ಮತ್ತು ಬೂರ್ಗುಲ ರಾಮಕೃಷ್ಣ ರಾವ್ ಅವರ ಬಣಗಳಾಗಿ ಒಡೆದಿತ್ತು. ನಿಜಾಮರ ಆಳ್ವಿಕೆಯ ಪೂರ್ಣ ಅಂತ್ಯ ಮತ್ತು ಭಾಷಾವಾರು ವಿಂಗಡಣೆ ಸ್ವಾಮೀಜಿಯವರ ನಿಲುವಾಗಿತ್ತು.

ಭಾರತದ ಸಂವಿಧಾನ ಸಭೆಯಲ್ಲಿ ಹೈದರಾಬಾದಿನ ಪ್ರತಿನಿಧಿಗಳು ಇರಲಿಲ್ಲ. 1949ರ ನವೆಂಬರ್‌ನಲ್ಲಿ ನಿಜಾಮರು ಫರ್ಮಾನಿನ ಮೂಲಕ ಭಾರತದ ಸಂವಿಧಾನವನ್ನು ಅಂಗೀಕರಿಸಿದರು. ಮುಂದೆ ರಚನೆಯಾಗಲಿರುವ ಸಂಸ್ಥಾನದ ಸಂವಿಧಾನ ಸಭೆಯ ಅನುಮೋದನೆಗೆ ಅದು ಒಳಪಟ್ಟಿದೆ ಎಂಬ ಮಾತು ಅದರಲ್ಲಿತ್ತು. ಆ ಸಭೆ ಎಂದೂ ಸೇರಲಿಲ್ಲ.

1949ರ ಡಿಸೆಂಬರ್ 1ರಂದು ಐ.ಸಿ.ಎಸ್. ಅಧಿಕಾರಿ ಎಂ. ಕೆ. ವೆಲ್ಲೋಡಿ ಅವರು ಆಡಳಿತ ವಹಿಸಿಕೊಂಡರು. 1950ರ ಜನವರಿ 26ರಂದು ಹೈದರಾಬಾದ್ 'ಬಿ' ಭಾಗದ ರಾಜ್ಯವಾಯಿತು, ನಿಜಾಮರು ರಾಜಪ್ರಮುಖರಾದರು. ವೆಲ್ಲೋಡಿ ಅವರದು ಮುಖ್ಯಮಂತ್ರಿ ಪದವಿಯಾದರೂ ಅವರು ಚುನಾಯಿತರಲ್ಲ. 1950ರ ಜೂನ್‌ನಲ್ಲಿ ನಾಲ್ವರು ಕಾಂಗ್ರೆಸ್ ನಾಯಕರನ್ನು ಸಚಿವರಾಗಿ ಸೇರಿಸಿಕೊಳ್ಳಲಾಯಿತು. ಆಡಳಿತದಲ್ಲಿ ಜನನಾಯಕರಿಗೆ ಸ್ಥಾನ ದೊರೆತುದು ಆಗಲೇ.

1952ರ ಚುನಾವಣೆ

ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳ ಪೈಕಿ ಕಾಂಗ್ರೆಸ್ 93 ಗೆದ್ದಿತು. ಕಮ್ಯುನಿಸ್ಟ್ ಪಕ್ಷ ನಿಷೇಧಿತವಾಗಿದ್ದುದರಿಂದ ಅದರ ಬೆಂಬಲಿಗರು ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಹೆಸರಿನಲ್ಲಿ ಸ್ಪರ್ಧಿಸಿ 42 ಸ್ಥಾನ ಪಡೆದರು. ಕೆಲವೇ ತಿಂಗಳ ಹಿಂದೆ ಬಂದೂಕು ಹಿಡಿದಿದ್ದವರು ಮತಪೆಟ್ಟಿಗೆಯ ಮೂಲಕ ವಿರೋಧ ಪಕ್ಷದ ಸ್ಥಾನಕ್ಕೆ ಬಂದದ್ದು ಈ ಚುನಾವಣೆಯ ವಿಶೇಷ.

ಲೋಕಸಭೆಗೆ ಕಲಬುರಗಿಯಿಂದ ಸ್ವಾಮಿ ರಮಾನಂದ ತೀರ್ಥರೂ ಕುಷ್ಟಗಿಯಿಂದ ಅಳವಂಡಿ ಶಿವಮೂರ್ತಿಸ್ವಾಮಿಗಳೂ ಆಯ್ಕೆಯಾದರು. 1952ರ ಮಾರ್ಚ್ 6ರಂದು ಬೂರ್ಗುಲ ರಾಮಕೃಷ್ಣ ರಾವ್ ಅವರು ರಾಜ್ಯದ ಮೊದಲ ಚುನಾಯಿತ ಮುಖ್ಯಮಂತ್ರಿಯಾದರು. 1938ರ ಬೇಡಿಕೆ ಈಡೇರಲು ಹದಿನಾಲ್ಕು ವರ್ಷಗಳು ಹಿಡಿದಿದ್ದವು.

ನಂತರದ ಬೆಳವಣಿಗೆಗಳು

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಭಾಷಾವಾರು ವಿಂಗಡಣೆಯಾಗಿ, ಕನ್ನಡ ಪ್ರದೇಶಗಳು ಮೈಸೂರು ರಾಜ್ಯಕ್ಕೆ ಸೇರಿದವು. ಗಡಿಯ ಕೆಲವು ತಾಲೂಕುಗಳು ಆಂಧ್ರಪ್ರದೇಶ ಮತ್ತು ಮುಂಬಯಿ ರಾಜ್ಯಗಳ ಪಾಲಾದವು. ಕೊಪ್ಪಳವು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು; ಯಾದಗಿರಿಯು ಅನಂತರ ಕಲಬುರಗಿಯಿಂದ ಬೇರ್ಪಟ್ಟಿತು.

ಶಿಕ್ಷಣ, ನೀರಾವರಿ ಮತ್ತು ಉದ್ಯೋಗಗಳಲ್ಲಿ ಈ ಭಾಗ ಹಿಂದುಳಿದುದಕ್ಕೆ ನಿಜಾಮರ ಕಾಲದ ಜಾಗೀರು ವ್ಯವಸ್ಥೆ, ಮಾತೃಭಾಷೆಯ ಶಿಕ್ಷಣದ ಕೊರತೆ ಮತ್ತು ತಡವಾಗಿ ಬಂದ ಪ್ರಾತಿನಿಧ್ಯವನ್ನು ಕಾರಣಗಳಾಗಿ ಸೂಚಿಸಲಾಗುತ್ತದೆ. ಪ್ರಾದೇಶಿಕ ಅಸಮತೋಲನದ ಕುರಿತ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ಈ ಹಿಂದುಳಿಯುವಿಕೆಯನ್ನು ಅಂಕಿಅಂಶಗಳ ಸಹಿತ ತೋರಿಸಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರ್ಪಡೆಯಾದ 371(ಜೆ) ವಿಧಿಯು ಈ ಪ್ರದೇಶಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ಸ್ಥಾನ ಕಲ್ಪಿಸಿದೆ. 2019ರಲ್ಲಿ ಪ್ರದೇಶಕ್ಕೆ 'ಕಲ್ಯಾಣ ಕರ್ನಾಟಕ' ಎಂದು ಮರುನಾಮಕರಣ ಮಾಡಲಾಯಿತು. ಸೆಪ್ಟೆಂಬರ್ 17ನ್ನು ಪ್ರತಿವರ್ಷ ಉತ್ಸವ ದಿನವಾಗಿ ಆಚರಿಸಲಾಗುತ್ತದೆ. ಆ ದಿನಾಂಕವು ನಿಜಾಮರ ಸ್ವತಂತ್ರ ಪ್ರಭುತ್ವದ ಅಂತ್ಯವನ್ನು ಸೂಚಿಸುತ್ತದೆ. ಚುನಾಯಿತ ಆಡಳಿತದ ಆರಂಭವನ್ನು ಸೂಚಿಸುವ ದಿನಾಂಕ 1952ರ ಮಾರ್ಚ್ 6.

ಕಾಲಾನುಕ್ರಮ

1938: ಸ್ಟೇಟ್ ಕಾಂಗ್ರೆಸ್ ಮೇಲೆ ನಿಷೇಧ, ಸತ್ಯಾಗ್ರಹ
1946: ನಿಷೇಧ ತೆರವು
1947 ಆಗಸ್ಟ್ 7: 'ಭಾರತಕ್ಕೆ ಸೇರಿ' ಚಳವಳಿ
1947 ನವೆಂಬರ್ 29: ಯಥಾಸ್ಥಿತಿ ಒಪ್ಪಂದ
1948 ಮೇ: ಗೋರ್ಟಾ ಹತ್ಯಾಕಾಂಡ
1948 ಸೆಪ್ಟೆಂಬರ್ 13–17: ಸೈನಿಕ ಕಾರ್ಯಾಚರಣೆ
1948 ಸೆಪ್ಟೆಂಬರ್ 18: ಸೇನಾ ಆಡಳಿತದ ಆರಂಭ
1949 ಆಗಸ್ಟ್: ಜಾಗೀರು ರದ್ದತಿ
1949 ಡಿಸೆಂಬರ್ 1: ವೆಲ್ಲೋಡಿ ಅವರ ನಾಗರಿಕ ಆಡಳಿತ
1950 ಜನವರಿ 26: ಭಾರತದ ಸಂವಿಧಾನ ಜಾರಿ
1952 ಮಾರ್ಚ್ 6: ಮೊದಲ ಚುನಾಯಿತ ಮಂತ್ರಿಮಂಡಲ
1956 ನವೆಂಬರ್ 1: ಕನ್ನಡ ಪ್ರದೇಶಗಳು ಮೈಸೂರು ರಾಜ್ಯಕ್ಕೆ